ಹಿಂದಕ್ಕೆ ಬಾಗಿದ ಹ್ಯಾಂಡಲ್

ಒಬ್ಬ ಹೆಂಗಸು ತನ್ನ ಸೈಕಲ್ಲಿನ ಹ್ಯಾಂಡಲ್ ಬದಲಾಯಿಸಿದ ಸಂಗತಿಯನ್ನು ಕಥೆಯೆಂದು ಹೇಳಲು ಕೂತಿರುವುದಕ್ಕೆ ಓದುವವರು ಮನ್ನಿಸಬೇಕು. ಇದರಲ್ಲಿ ಯಾರೂ ಸಾಯುವುದಿಲ್ಲ, ಯಾರೂ ಮನೆ ಬಿಟ್ಟು ಹೋಗುವುದಿಲ್ಲ. ಬಲ್ಲವರು ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು. ಅವರು ಹೇಳಲಿಲ್ಲ.

ಸೈಕಲ್ ಅಂಗಡಿಯ ಮುನಿಕೃಷ್ಣ ಮೂರು ಹ್ಯಾಂಡಲ್‌ಗಳನ್ನು ಒಳಗಿನಿಂದ ತಂದು ರಟ್ಟಿನ ಮೇಲೆ ಸಾಲಾಗಿ ಇಟ್ಟಾಗ ಮಹಾದೇವಿ ನೋಡಿದ್ದು ಅವುಗಳನ್ನಲ್ಲ, ಗೋಡೆಯ ಮೇಲಿದ್ದ ಕ್ಯಾಲೆಂಡರನ್ನು. ಕಾರ್ಖಾನೆಯ ಪರೀಕ್ಷೆಗೆ ಇನ್ನು ಹತ್ತೊಂಬತ್ತು ದಿನ.

"ನೋಡಿ ಮೇಡಂ, ನಿಮ್ಮ ಸೈಕಲ್‌ದು ನೇರ ಕೋಲು. ಬೆಟ್ಟ ಇಳಿಯೋರಿಗೆ ಅದು ಸರಿ. ನೀವು ನಾಗಸಂದ್ರದಿಂದ ಪೀಣ್ಯಕ್ಕೆ ಹೋಗೋಕೆ ಬೆಟ್ಟ ಎಲ್ಲಿಂದ ತರೋದು?" ಮುನಿಕೃಷ್ಣ ತಾನೇ ನಕ್ಕ. "ಇದು ಹದಿನಾರು ಡಿಗ್ರಿ ಹಿಂದಕ್ಕೆ ಬಾಗಿದೆ. ಇದು ಮೂವತ್ತು ಚಿಲ್ರೆ. ಇದಂತೂ ಪೂರ್ತಿ ಹಿಂದಕ್ಕೇ ಬಂದ್ಬಿಡುತ್ತೆ. ಕುರ್ಚೀಲಿ ಕೂತಂಗಿರುತ್ತೆ."

ಅಂಗಡಿಯ ಬಾಗಿಲಲ್ಲಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಅವನ ಅಪ್ಪ ಆಂಜಿನಪ್ಪ ಕೂತಿದ್ದ. ದಾಸರಹಳ್ಳಿಯ ಆ ಬೀದಿಯಲ್ಲಿ ನಾಲ್ಕು ಕಟ್ಟಡ ಅವನವೇ. ಆದರೂ ದಿನವೂ ಮಗನ ಅಂಗಡಿಗೆ ಬಂದು ಬೀದಿ ಕಾಯುತ್ತಿದ್ದ. ಮೂರನೆಯ ಹ್ಯಾಂಡಲನ್ನು ನೋಡಿ, "ಅಯ್, ಇದು ನಮ್ ಆಲಿನ ಸೈಕಲ್‌ದು ಕಣ್ಲಾ! ಎಲ್ಡು ಕ್ಯಾನ್ ಅಂಗೇ ತಗಲಾಕ್ಬುಟ್ರೆ ಮುಗೀತು. ನಾನು ಮೂವತ್ ವರ್ಸ ತುಳಿದು ಬಿಸಾಕಿದ್ದನ್ನ ಇವ್ನು ಇಂಪೋರ್ಟೆಡ್ ಅಂತಾನೆ ಕಣಮ್ಮ" ಎಂದ.

"ಅಪ್ಪಾ, ಸುಮ್ನಿರು."

"ನಾನೇನಂದೆ? ಚೆನ್ನಾಗೈತೆ ಅಂದೆ."

ಮಹಾದೇವಿ ನಗಲಿಲ್ಲ. ಅವಳು ಒಂದೊಂದೇ ಹ್ಯಾಂಡಲನ್ನು ಎತ್ತಿ ಬೆಳಕಿಗೆ ಹಿಡಿದು ಬಾಗನ್ನು ನೋಡಿದಳು. ಬೆಸುಗೆ ಇದೆಯೇ, ಎರಡೂ ಕಡೆ ಬಾಗು ಒಂದೇ ಇದೆಯೇ ಎಂದು ನೋಡಿದಳು. ಆಮೇಲೆ ಅಭ್ಯಾಸಬಲದಿಂದ ಬಲಗೈ ಹೆಬ್ಬೆರಳಿನಿಂದ ಕೊಳವೆಯ ತುದಿಯ ಒಳ ಅಂಚನ್ನು ಒಂದು ಸುತ್ತು ಸವರಿದಳು.

ಈ ಸವರುವುದೇ ಅವಳ ಕೆಲಸ. ಪೀಣ್ಯ ಎರಡನೇ ಹಂತದ ಒಂದು ಸಣ್ಣ ಕಾರ್ಖಾನೆಯಲ್ಲಿ ಬ್ರೇಕಿನ ವಾಲ್ವುಗಳಿಗೆ ಬೇಕಾದ ಉಕ್ಕಿನ ತುಂಡುಗಳು ತಯಾರಾಗುತ್ತವೆ. ತುಂಡಿನಲ್ಲಿ ತೂತು ಕೊರೆದಾಗ ಅಂಚಿನಲ್ಲಿ ಕೂದಲಿನಷ್ಟು ಲೋಹದ ಎಳೆ ಉಳಿದುಬಿಡುತ್ತದೆ. ಅಲ್ಲಿನ ಹೆಂಗಸರು ಅದನ್ನು ಮುಳ್ಳು ಎನ್ನುತ್ತಾರೆ. ಮುಂದೊಂದು ದಿನ ಅದು ಕಿತ್ತುಬಂದು ಎಣ್ಣೆಯೊಳಗೆ ಸೇರಿದರೆ ಎಲ್ಲೋ ಒಂದು ಲಾರಿಯ ಬ್ರೇಕು ಹಿಡಿಯುವುದಿಲ್ಲ. ತೂತಿನ ಅಳತೆಯನ್ನು ಗೇಜು ಹೇಳುತ್ತದೆ, ಮುಳ್ಳನ್ನು ಬೆರಳೇ ಹೇಳಬೇಕು. ಹನ್ನೊಂದು ವರ್ಷದಿಂದ ಆ ಬೆರಳು ಮಹಾದೇವಿಯದು. ಹೊರಗಿನಿಂದ ಬಂದವರಿಗೆ ಮಾಲೀಕರು, "ನಮ್ಮಲ್ಲಿ ಮೆಷೀನ್ ಹಳೇದಿರಬಹುದು ಸಾರ್, ಬೆರಳು ಮಾತ್ರ ಫಸ್ಟ್ ಕ್ಲಾಸ್" ಎಂದು ಅವಳನ್ನು ತೋರಿಸುತ್ತಿದ್ದರು. ಚಿತ್ರದುರ್ಗದಿಂದ ಮದುವೆಯಾಗಿ ಬಂದು, ಪ್ಯಾಕಿಂಗ್ ಮೇಜಿನಲ್ಲಿ ಡಬ್ಬ ಮಡಚುತ್ತಾ, ನಾಲ್ಕು ವರ್ಷ ಸಂಜೆ ಪಾಲಿಟೆಕ್ನಿಕ್‌ಗೆ ಹೋಗಿ ಅವಳು ಹತ್ತಿದ ಕುರ್ಚಿ ಅದು.

ಮೂರು ತಿಂಗಳಿಂದ ಆ ಹೆಬ್ಬೆರಳು ಜೋಮು ಹಿಡಿದಿತ್ತು.

"ಮೇಡಂ, ಮೇಡಂ, ರಕ್ತ!" ಮುನಿಕೃಷ್ಣ ಕೂಗಿದ. "ಆ ತುದಿ ಚೂಪಿದೆ, ಇನ್ನೂ ಉಜ್ಜಿಲ್ಲ. ಹೇಳೋಣ ಅನ್ನೋಷ್ಟ್ರಲ್ಲಿ ಸವರ್ಬಿಟ್ರಿ. ಉರೀತಿಲ್ವಾ?"

ಮಹಾದೇವಿ ಬೆರಳನ್ನು ನೋಡಿಕೊಂಡಳು. ಅಂಚಿನುದ್ದಕ್ಕೂ ಸೀಳಿ ರಕ್ತ ಮಣಿಕಟ್ಟಿಗೆ ಇಳಿಯುತ್ತಿತ್ತು. ಅದು ಬೇರೆ ಯಾರದೋ ಬೆರಳಿನಂತಿತ್ತು.

"ಉರೀತಿದೆ" ಎಂದು ಸುಳ್ಳು ಹೇಳಿದಳು.

ಅವನು ಬಟ್ಟೆ ಕೊಟ್ಟ. ಆಮೇಲೆ, "ಬಂದಾಗ ಕೈ ಜೋಮು ಅಂದ್ರಲ್ಲ ಮೇಡಂ, ಯಾವ್ಯಾವ ಬೆರಳು?" ಎಂದ.

"ಯಾಕೆ?"

"ನಾನೂ ದಿನಾ ಸೈಕಲ್ ಹೊಡೀತೀನಲ್ಲ. ಹ್ಯಾಂಡಲ್ ಮೇಲೆ ಭಾರ ಬಿದ್ರೆ ಸಾಮಾನ್ಯವಾಗಿ ಈ ಕಡೇವು ಜೋಮು ಹಿಡಿಯೋದು. ಕಿರುಬೆರಳು, ಅದರ ಪಕ್ಕದ್ದು. ಹೆಬ್ಬೆರಳು, ತೋರುಬೆರಳು ಆದ್ರೆ ಅದು ಬೇರೆ. ಕೈ ತಿರುವಿ ತಿರುವಿ ಕೆಲಸ ಮಾಡೋರಿಗೆ ಬರುತ್ತಂತೆ. ಅದಕ್ಕೆ ಹ್ಯಾಂಡಲ್ ಬದಲಾಯಿಸಿ ಏನೂ ಪ್ರಯೋಜನ ಇಲ್ಲ, ಡಾಕ್ಟ್ರಿಗೆ ತೋರಿಸ್ಬೇಕು. ಸುಮ್ನೆ ಮಾರೋಕೆ ನಂಗೆ ಇಷ್ಟ ಇಲ್ಲ."

ಮಹಾದೇವಿ ತನ್ನ ಕೈಯನ್ನು ಬಟ್ಟೆಯೊಳಗೆ ಸುತ್ತಿಕೊಂಡಳು. ದಿನಕ್ಕೆ ಸಾವಿರದಿನ್ನೂರು ಸಲ ಗೇಜನ್ನು ತೂತಿಗೆ ಹಾಕಿ ತಿರುವುವ ಮಣಿಕಟ್ಟು ಅದರೊಳಗಿತ್ತು. ಡಾಕ್ಟರಿಗೆ ತೋರಿಸಿದರೆ ಅವರು ವಿಶ್ರಾಂತಿಗೆ ಬರೆಯುತ್ತಾರೆ. ಚೀಟಿಯನ್ನು ಆಫೀಸಿಗೆ ಕೊಡಬೇಕಾಗುತ್ತದೆ. ಜೋಮು ಹಿಡಿದ ಬೆರಳಿನವರನ್ನು ಯಾರು ಆ ಕುರ್ಚಿಯಲ್ಲಿ ಕೂರಿಸುತ್ತಾರೆ? ಮತ್ತೆ ಡಬ್ಬ ಮಡಚುವ ಮೇಜು. ಸೈಕಲ್ಲಿನದೇ ತಪ್ಪು ಎಂದಾದರೆ ಮಾತ್ರ ಎಲ್ಲವೂ ಸರಿಹೋಗುತ್ತದೆ.

"ಎಲ್ಲಾ ಬೆರಳೂ" ಎಂದಳು. "ಅದನ್ನ ಹಾಕಿ. ಪೂರ್ತಿ ಹಿಂದಕ್ಕೆ ಬರುತ್ತಲ್ಲ, ಅದು."

"ಶಭಾಸ್!" ಎಂದ ಆಂಜಿನಪ್ಪ ಬಾಗಿಲಿನಿಂದ.

ಹ್ಯಾಂಡಲ್ ನಿಜಕ್ಕೂ ಒಳ್ಳೆಯದಿತ್ತು. ಇದನ್ನು ಹೇಳದಿದ್ದರೆ ಮುನಿಕೃಷ್ಣನಿಗೆ ಅನ್ಯಾಯವಾಗುತ್ತದೆ. ಅವನು ಬ್ರೇಕಿನ ತಂತಿಗಳನ್ನು ಉದ್ದದವಕ್ಕೆ ಬದಲಾಯಿಸಿ, ಹಿಡಿಗಳನ್ನು ಅವಳ ಭುಜದ ಅಳತೆಗೆ ಕೂರಿಸಿಕೊಟ್ಟಿದ್ದ. ಮೊದಲು ನೆಲ ನೋಡಿಕೊಂಡು ಹೋಗುತ್ತಿದ್ದವಳು ಈಗ ಬೆನ್ನು ನೆಟ್ಟಗೆ ಮಾಡಿಕೊಂಡು, ತುಮಕೂರು ರಸ್ತೆಯ ಪಕ್ಕದ ದಾರಿಯಲ್ಲಿ ಮೆಟ್ರೋ ಕಂಬಗಳ ಮೇಲಿನ ಗಿಡಗಳನ್ನೂ ನೋಡಿಕೊಂಡು ಹೋಗುವಂತಾಯಿತು. ಕುತ್ತಿಗೆ ನೋವು ಹೋಯಿತು. ಅಂಗೈ ಉರಿ ಹೋಯಿತು. ಲಾಕ್‌ಡೌನಿನಲ್ಲಿ ಹೊಟ್ಟೆ ಕರಗಿಸಲು ಆ ಸೈಕಲ್ ಕೊಂಡು ಹನ್ನೆರಡು ದಿನ ಓಡಿಸಿದ್ದ ಅವಳ ಗಂಡ ಗುರುರಾಜ್ ಮಾತ್ರ ಗೇಟಿನಲ್ಲಿ ನಿಂತು ತಲೆ ಚಚ್ಚಿಕೊಂಡ.

"ಹುಲಿ ಇದ್ದಂಗಿತ್ತು ಕಣೇ ನನ್ನ ಸೈಕಲ್ಲು. ಎಮ್ಮೆ ಮಾಡಿ ತಂದಿದೀಯ."

"ಹುಲಿ ಮೇಲೆ ನೀವು ಟವೆಲ್ ಒಣಗಿಸ್ತಿದ್ರಿ."

"ಕೈ ಹೆಂಗಿದೆ ಅದ್ಹೇಳು."

"ಪರವಾಗಿಲ್ಲ" ಎಂದಳು. ಹಾಗೆ ಹೇಳುವಾಗ ಬೆನ್ನ ಹಿಂದೆ ಹೆಬ್ಬೆರಳನ್ನು ಉಗುರಿನಿಂದ ಒತ್ತಿ ನೋಡಿಕೊಂಡಳು. ಉಗುರಿಗೆ ಬೆರಳು ತಗುಲಿದ್ದು ಗೊತ್ತಾಯಿತು. ಬೆರಳಿಗೆ ಉಗುರು ತಗುಲಿದ್ದು ಗೊತ್ತಾಗಲಿಲ್ಲ.

ಕೆಲಸದಲ್ಲಿ ಅವಳು ಬೇರೆ ದಾರಿ ಹುಡುಕಿಕೊಂಡಿದ್ದಳು. ತುಂಡನ್ನು ದೀಪಕ್ಕೆ ಹಿಡಿದು ನೋಡುವವಳಂತೆ ಮೇಲಕ್ಕೆತ್ತಿ, ಯಾರೂ ನೋಡದಾಗ ತೂತಿನ ಅಂಚನ್ನು ಕೆಳತುಟಿಗೆ ಸೋಕಿಸುವಳು. ತುಟಿಗೆ ಮುಳ್ಳು ತಿಳಿಯುತ್ತಿತ್ತು. ಆದರೆ ಪ್ರತಿಯೊಂದನ್ನೂ ಹಾಗೆ ಮಾಡಲಾಗುತ್ತದೆಯೇ? ಹತ್ತರಲ್ಲಿ ಮೂರು ತುಟಿಗೆ, ಉಳಿದವು ದೇವರ ಮೇಲೆ. ಸಂಜೆ ಪೆಟ್ಟಿಗೆಯ ಚೀಟಿಗೆ ತನ್ನ ಏಳನೇ ನಂಬರಿನ ಮೊಹರು ಒತ್ತುತ್ತಿದ್ದಳು. ಮನೆಯಲ್ಲಿ ಅನ್ನ ಕಲಸುವಾಗ ಯಾವುದೋ ಇಳಿಜಾರಿನಲ್ಲಿ ಲಾರಿಯೊಂದು ನಿಲ್ಲದೆ ಹೋಗುವುದು ಕಾಣುತ್ತಿತ್ತು.

ಒಂದು ಬುಧವಾರ ತಲೆಯೆತ್ತಿದರೆ, ಅವಳ ಕೈಕೆಳಗೆ ಕೆಲಸ ಕಲಿಯುತ್ತಿದ್ದ ಮಾಲಾ ತುಂಡೊಂದನ್ನು ತುಟಿಗಿಟ್ಟುಕೊಂಡು ಕಣ್ಣು ಮುಚ್ಚಿ ಕೂತಿದ್ದಳು.

"ಏನೇ ಅದು? ಎಣ್ಣೆ ಎಲ್ಲಾ ಬಾಯಿಗೆ!"

"ನೀವೇ ಮಾಡ್ತೀರಲ್ಲ ಅಕ್ಕ." ಮಾಲಾ ದನಿ ತಗ್ಗಿಸಿದಳು. "ಸೀಕ್ರೆಟ್ ಇದೇ ಅನ್ಕೊಂಡೆ. ಯಾರ್ಗೂ ಹೇಳಿಲ್ಲ. ಸಕ್ಕತ್ತಾಗಿ ಗೊತ್ತಾಗುತ್ತೆ ಕಣಕ್ಕ."

ಮಹಾದೇವಿ ಅವಳ ಕೈಯಿಂದ ತುಂಡನ್ನು ಕಿತ್ತುಕೊಂಡು, "ಬೆರಳಲ್ಲೇ ನೋಡು. ಇನ್ನೊಂದ್ಸಲ ಕಂಡ್ರೆ ಅಷ್ಟೇ" ಎಂದು ಗದರಿದಳು. ಆ ದಿನವೆಲ್ಲ ಅವಳ ಮುಖ ಬಿಸಿಯಾಗಿಯೇ ಇತ್ತು.

ಪರೀಕ್ಷೆಯ ದಿನ ಬಂತು. ವರ್ಷಕ್ಕೊಮ್ಮೆ ತಪಾಸಣೆಯವರನ್ನೇ ತಪಾಸಣೆ ಮಾಡುವ ಪದ್ಧತಿ ಅಲ್ಲಿದೆ. ಮುಳ್ಳಿರುವ, ಮುಳ್ಳಿಲ್ಲದ ಹತ್ತು ತುಂಡುಗಳನ್ನು ಕಲಸಿ ಮುಂದಿಡುತ್ತಾರೆ. ಮೂರು ಸಲ, ಮೂರು ಬೇರೆ ಸಾಲಿನಲ್ಲಿ. ಮೂವತ್ತು ಉತ್ತರ ಹೇಳಬೇಕು. ಮೂರಕ್ಕಿಂತ ಹೆಚ್ಚು ತಪ್ಪಿದರೆ ಮೊಹರು ವಾಪಸ್. ಕ್ವಾಲಿಟಿ ವಿಭಾಗಕ್ಕೆ ಹೊಸದಾಗಿ ಬಂದಿದ್ದ ಸಿದ್ದಾರ್ಥ್ ಎದುರು ಕುರ್ಚಿಯಲ್ಲಿ ಕಾಗದ ಹಿಡಿದು ಕೂತ. ಅವನ ಕಣ್ಣು ಅವಳ ಕೈಯ ಮೇಲೇ ಇತ್ತು. ತುಟಿಯ ದಾರಿ ಮುಚ್ಚಿತ್ತು.

ಮಹಾದೇವಿ ಮೊದಲ ತುಂಡನ್ನು ಎತ್ತಿಕೊಂಡಳು. ಹೆಬ್ಬೆರಳಿನಿಂದ ಸವರಿದಳು. ಏನೂ ಇಲ್ಲ. ಹತ್ತಿಯ ಮೂಟೆಯೊಳಗಿಂದ ಮುಟ್ಟಿದ ಹಾಗೆ. ಆಗ ತುಂಡಿನ ಮೂಲೆಯಲ್ಲಿ ಮಚ್ಚೆಯಂಥ ತುಕ್ಕಿನ ಚುಕ್ಕೆ ಕಂಡಿತು.

ಇದನ್ನು ಅವಳು ಬಲ್ಲಳು. ಆರು ವರ್ಷದ ಹಿಂದೆ ಸಾವಿರಾರು ತುಂಡುಗಳ ರಾಶಿಯಿಂದ ಈ ಹತ್ತನ್ನು ಆರಿಸಿಕೊಟ್ಟವಳು ಅವಳೇ. ಪ್ರತಿ ವರ್ಷ ಇವೇ ಬರುತ್ತಿದ್ದವು. ಇಷ್ಟು ವರ್ಷ ಬೆರಳೇ ಸಾಕಾಗಿದ್ದರಿಂದ ಅವಳು ಇವುಗಳ ಮುಖ ನೋಡಿರಲಿಲ್ಲ. ಈಗ ನೋಡಿದಳು. ಚುಕ್ಕೆಯದು, ಮುಳ್ಳಿದೆ. ಅಂಚು ಜಜ್ಜಿದ್ದು, ಇಲ್ಲ. ನೀಲಿ ಶಾಯಿಯ ಕಲೆಯದು, ಇದೆ. ನೋಡಬಾರದು ಎಂದುಕೊಂಡು ಒಮ್ಮೆ ಕಣ್ಣು ಮುಚ್ಚಿದಳು. ಮುಚ್ಚಿದರೆ ಕೈಯಲ್ಲಿ ತುಂಡು ಇದೆ ಎನ್ನುವುದೂ ಅರ್ಧಂಬರ್ಧ. ಕಣ್ಣು ತೆರೆದಳು.

"ಮೂವತ್ತಕ್ಕೆ ಮೂವತ್ತು!" ಸಿದ್ದಾರ್ಥ್ ಕಾಗದ ತಿರುಗಿಸಿ ತೋರಿಸಿದ. "ಮೇಡಂ, ನೀವು ಮೆಷೀನೇ ಬಿಡಿ."

ಅವಳು ಏಳಲಿಲ್ಲ. "ಸಾರ್, ಇದು ಸರಿ ಇಲ್ಲ" ಎಂದಳು. ದನಿ ತನಗೇ ಕೇಳದಷ್ಟು ಸಣ್ಣಗಿತ್ತು. "ಈ ಪೀಸ್‌ಗಳು ನಂಗೆ ಗೊತ್ತು. ಗುರುತಿದೆ. ಬೆರಳಿಂದ ಹೇಳಿದ್ದಲ್ಲ ಸಾರ್, ನೋಡಿ ಹೇಳಿದ್ದು."

ಸಿದ್ದಾರ್ಥ್ ಒಂದು ತುಂಡನ್ನು ಎತ್ತಿ ತಿರುಗಿಸಿ ನೋಡಿದ. ಆಮೇಲೆ ಅವನ ಮುಖ ಅರಳಿತು.

"ನೋಡಿ, ಇದಕ್ಕೇ ನಿಮ್ಮನ್ನ ಎಲ್ರೂ ಹೊಗಳೋದು. ಬೇರೆಯವರಾಗಿದ್ರೆ ಬಾಯ್ಮುಚ್ಕೊಂಡು ಎದ್ದು ಹೋಗೋರು. ಸೆಟ್ ಹಳೇದಾಯ್ತು ಅಂತ ನಾನೂ ಅನ್ಕೊಂಡಿದ್ದೆ. ಒಂದ್ ಕೆಲಸ ಮಾಡಿ, ಹೊಸ ಸೆಟ್ ನೀವೇ ಆರಿಸ್ಕೊಡಿ. ಐದು ಮುಳ್ಳಿರೋದು, ಐದು ಇಲ್ದೇ ಇರೋದು. ಇನ್ಮೇಲೆ ಎಲ್ಲರಿಗೂ ಅದೇ ಅಳತೆಗೋಲು. ಸೋಮವಾರದೊಳಗೆ ಆದ್ರೆ ಸಾಕು."

ಹೇಳಬೇಕಾದ ಮಾತು ಇನ್ನೊಂದೇ ಉಳಿದಿತ್ತು. ಅದಕ್ಕೆ ಸಮಯವೂ ಇತ್ತು. ಸಿದ್ದಾರ್ಥ್ ಪೆನ್ನಿನ ಮುಚ್ಚಳ ಹಾಕುತ್ತಾ ಅವಳು ಇನ್ನೇನಾದರೂ ಹೇಳುವಳೇನೋ ಎಂದು ಕಾದ.

"ಆಯ್ತು ಸಾರ್" ಎಂದಳು ಮಹಾದೇವಿ.

ಶನಿವಾರ ಮಧ್ಯಾಹ್ನ ಅರ್ಧ ದಿನದ ಕೆಲಸ ಮುಗಿದು ಯಂತ್ರಗಳು ನಿಂತ ಮೇಲೆ ಅವಳು ತುಂಡುಗಳ ಟ್ರೇಯನ್ನೂ, ಕೆಂಪು ಮತ್ತು ಹಸಿರು ಬುಟ್ಟಿಗಳನ್ನೂ ಮುಂದಿಟ್ಟುಕೊಂಡಳು. ಎಡಗೈ ಹೆಬ್ಬೆರಳಿನಿಂದ ನೋಡಿದಳು. ಅದಕ್ಕೆ ಅಷ್ಟು ವಿದ್ಯೆ ಇರಲಿಲ್ಲ. ಎಲ್ಲರ ಅಳತೆಗೋಲನ್ನು ಕದ್ದು ತುಟಿಯಿಂದ ಆರಿಸಲು ಮನಸ್ಸಾಗಲಿಲ್ಲ. ಅರ್ಧ ಗಂಟೆಯಾದರೂ ಎರಡು ಬುಟ್ಟಿಯೂ ಖಾಲಿ. ಊಟದ ಡಬ್ಬಿ ತೊಳೆದು ಮನೆಗೆ ಹೊರಟಿದ್ದ ಮಾಲಾಳನ್ನು ಕರೆದಳು.

"ಕೂತ್ಕೋ. ಕಣ್ಣು ಮುಚ್ಚು."

"ನಂಗೂ ಟೆಸ್ಟಾ ಅಕ್ಕ? ಮೊದ್ಲೇ ಹೇಳ್ಬಾರ್ದಾ, ದೇವರಿಗೆ ಕೈ ಮುಗಿದ್ಬರ್ತಿದ್ದೆ."

ಮಹಾದೇವಿ ತುಂಡೊಂದನ್ನು ಅವಳ ಕೈಗಿಟ್ಟು, ಅವಳ ಹೆಬ್ಬೆರಳನ್ನು ಹಿಡಿದು ತೂತಿನ ಅಂಚಿಗೆ ತಂದಳು. ಮಾಲಾ ನಿಧಾನವಾಗಿ ಒಂದು ಸುತ್ತು ಸವರಿದಳು.

"ಇದೆ. ಇಲ್ಲಿ, ಸಣ್ಣದು. ಹೌದಲ್ವಾ ಅಕ್ಕ? ನೀವು ನೋಡಿ."

ಮಹಾದೇವಿ ಮಾಲಾ ತೋರಿಸಿದ ಜಾಗದಲ್ಲೇ ತನ್ನ ಬೆರಳಿಟ್ಟಳು. ಬಹಳ ಹೊತ್ತು ಇಟ್ಟಳು.

"ನಂಗೆ ಗೊತ್ತಾಗಲ್ಲ ಕಣೇ" ಎಂದಳು. "ನಾಲ್ಕು ತಿಂಗಳಾಯ್ತು."

ಮಾಲಾ ನಕ್ಕಳು. ಆಮೇಲೆ ನಗು ನಿಲ್ಲಿಸಿ ಕಣ್ಣು ತೆರೆದಳು. ಮಹಾದೇವಿಯ ಮುಖವನ್ನೂ, ಅವಳ ತುಟಿಯನ್ನೂ ನೋಡಿದಳು. ತುಂಡನ್ನು ಕೆಂಪು ಬುಟ್ಟಿಗೆ ಹಾಕಿ, ಮತ್ತೆ ಕಣ್ಣು ಮುಚ್ಚಿಕೊಂಡು, ಮುಂದಿನದಕ್ಕೆ ಕೈ ಚಾಚಿದಳು. ಮಹಾದೇವಿ ಒಂದೊಂದನ್ನೇ ಆ ಕೈಗೆ ಕೊಡುತ್ತಾ ಹೋದಳು.

ಹತ್ತು ತುಂಡುಗಳು ಸೋಮವಾರ ಬೆಳಿಗ್ಗೆ ಸಿದ್ದಾರ್ಥನ ಮೇಜು ಸೇರಿದವು. ಜೊತೆಗಿದ್ದ ಕಾಗದದ ಕೆಳಗೆ 'ಆರಿಸಿದವರು' ಎಂದು ಒಂದೇ ಒಂದು ಗೆರೆ ಇರುತ್ತದೆ. ಅದರ ಮೇಲೆ ಮಹಾದೇವಿ ಯಾರ ಹೆಸರು ಬರೆದಳೋ, ಇದನ್ನು ಹೇಳುತ್ತಿರುವವರಿಗೆ ತಿಳಿಯದು.