ಒಂಬತ್ತನೆಯ ಕಲ್ಲು

ನನ್ನ ಗಂಡನ ಮನೆಯಲ್ಲಿ ಒಂದು ನಿಯಮವಿದೆ. ಕಮಾನು ಕಟ್ಟಿದವನು, ಅದರ ಸೆಂಟ್ರಿಂಗ್ ಬಿಚ್ಚುವಾಗ, ಅಂದರೆ ಕಲ್ಲುಗಳನ್ನು ಹೊತ್ತ ಮರದ ಚೌಕಟ್ಟನ್ನು ಇಳಿಸುವಾಗ, ಅದರ ಕೆಳಗೇ ನಿಂತಿರಬೇಕು. ಮಾವನ ಅಪ್ಪ ನಿಂತಿದ್ದರು, ಅವರ ಅಜ್ಜ ನಿಂತಿದ್ದರು. ಎಲ್ಲರೂ ಹಾಸಿಗೆಯಲ್ಲೇ ಸತ್ತರು ಎಂದು ಮಾವ ಹೆಮ್ಮೆಯಿಂದ ಹೇಳುತ್ತಾರೆ.

ಹನ್ನೊಂದಕ್ಕೆ ಬಿಚ್ಚುವುದಿತ್ತು. ಹತ್ತೂವರೆಗೆ ಮೇಲಿನ ಕಿಟಕಿಯ ಬಿಸಿಲು ಕಮಾನಿನ ಮೇಲೆ ಇಳಿಯಿತು. ಬಲಗಡೆಯ ಬಿಳಿ ಕಲ್ಲುಗಳ ನಡುವೆ ಒಂದು ಕಲ್ಲು ಗುಲಾಬಿ ಬಣ್ಣಕ್ಕಿತ್ತು.

ಅದು ಅಲ್ಲಿರಬಾರದು.

ಈ ಕಟ್ಟಡ ಒಂದು ಕಾಲಕ್ಕೆ ಈ ಬೀದಿಗಳವರ ಚರ್ಚು. ಪ್ರಾರ್ಥನೆ ನಿಂತು ಐವತ್ತು ವರ್ಷವಾಯಿತು. ಆಮೇಲೆ ಉಗ್ರಾಣವಾಯಿತು, ಕೆಲವು ಕಾಲ ಟೇಬಲ್ ಟೆನಿಸ್ ಆಡುವ ಜಾಗವಾಯಿತು, ಇನ್ನು ವಾಚನಾಲಯವಾಗಲಿದೆ. ಇದರ ಮೂಲೆಮೂಲೆಯನ್ನೂ ನಾನು ಅಳೆದು ಬರೆದಿದ್ದೇನೆ. ಹಜಾರದ ಎಡಸಾಲಿನ ಕಂಬಗಳು ದುಂಡು, ಬಲಸಾಲಿನವು ಎಂಟು ಮುಖದವು. ಎಡಸಾಲು ಎದ್ದ ವರ್ಷ ಕಟ್ಟುವವರಲ್ಲಿ ಅರ್ಧ ಜನ ಜ್ವರಕ್ಕೆ ಹೋದರು. ಬಲಸಾಲು ಅವರ ಮೊಮ್ಮಕ್ಕಳ ಕೈಕೆಲಸ. ಜನ ಕೂರುತ್ತಿದ್ದ ಹಜಾರಕ್ಕೂ ಪೂಜಾಪೀಠವಿದ್ದ ಒಳಕೋಣೆಗೂ ನಡುವೆ ಈ ಕಮಾನು. ಹದಿನೈದು ಕಲ್ಲು, ಎಂಟನೆಯದು ನಡುವಿನ ಬೀಗಗಲ್ಲು. ಎಂದೋ ಎಡಗಡೆಯಲ್ಲಿದ್ದ ಮರದ ಪ್ರವಚನ ಪೀಠಕ್ಕೆ ಬೆಂಕಿ ಬಿದ್ದು ಆ ಬದಿಯ ಏಳು ಕಲ್ಲು ಬೆಂದವು. ಸುಣ್ಣಕಲ್ಲಿನ ಸ್ವಭಾವ ಅದು, ಬೆಂಕಿ ಮುಟ್ಟಿದರೆ ಕೆಂಪಾಗುತ್ತದೆ, ನಾಚಿಕೊಂಡಂತೆ.

ಕಂಬದ ಬುಡ ಕುಸಿದಿದ್ದರಿಂದ ಹೋದ ವರ್ಷ ಕಮಾನನ್ನೂ ಅದರ ಮೇಲಿನ ಗೋಡೆಯನ್ನೂ ಪೂರ್ತಿ ಬಿಚ್ಚಿದೆವು. ಒಂದೊಂದು ಕಲ್ಲಿಗೂ ಸೀಮೆಸುಣ್ಣದಲ್ಲಿ ಅಂಕಿ ಬರೆದವಳು ನಾನು. ತೊಳೆಯುವಾಗ ಅಂಕಿಗಳು ಮಸುಕಾದವು. ಉಳಿದ ಗೆರೆಗಳ ಮೇಲೆ ನಾನೇ ಬಣ್ಣದಲ್ಲಿ ತಿದ್ದಿದೆ. ೬ ಮತ್ತು ೯ ಅಕ್ಕತಂಗಿಯರ ಹಾಗೆ. ಒಂದು ಗೆರೆ ಅಳಿಸಿದರೆ ಯಾರು ಅಕ್ಕ, ಯಾರು ತಂಗಿ, ಹೆತ್ತವರಿಗೂ ಗೊತ್ತಾಗುವುದಿಲ್ಲ.

ಕೂರಿಸುವಾಗ ಕಲ್ಲುಗಳು ಒದ್ದೆಯಾಗಿದ್ದವು, ಎಲ್ಲವೂ ಒಂದೇ ಬೂದು. ಆಮೇಲೆ ಗಾರೆ ಬೇಗ ಒಣಗದಿರಲೆಂದು ಮೂರು ವಾರ ಗೋಣಿ ಹೊದಿಸಿದ್ದೆವು. ಅದನ್ನು ತೆಗೆದದ್ದು ಇವತ್ತು ಬೆಳಿಗ್ಗೆ. ಮಾವನಿಗೆ ಎರಡೂ ಕಣ್ಣಿಗೆ ಪೊರೆ. ಬಣ್ಣ ಕಾಣುವುದಿಲ್ಲ, ಬೆರಳಲ್ಲೇ ಕೆಲಸ. ಕಲ್ಲು ಕೂರಿಸಿದ ದಿನ ಆ ಬೆರಳು ಒಂಬತ್ತನೆಯ ಕಲ್ಲಿನ ಅಂಚಿನಲ್ಲಿ ಎರಡು ಸಲ ನಿಂತಿತ್ತು.

"ಇದು ಸರಿಯಾಗಿ ಕೂರ್ತಿಲ್ವಲ್ಲಮ್ಮ."

"ನಂಬರ್ ಸರಿ ಇದೆ ಮಾವ."

"ನನ್ನ ಕೈ ಬೇರೆ ಏನೋ ಹೇಳ್ತಿದೆ."

"ಕೈಗೆ ಓದೋಕೆ ಬರುತ್ತಾ ಮಾವ?"

ಅವರು ನಕ್ಕುಬಿಟ್ಟರು. ಸಂದಿಗೆ ಕಲ್ಲಿನ ಚಕ್ಕೆ ತುರುಕಿ, ಗಾರೆ ತುಂಬಿದರು. ನೆಂಟರೆಲ್ಲ 'ಸೊಸೆಗೆ ಗಾರೆ ಕೆಲಸವಾ' ಎಂದು ಮೂಗು ಮುರಿದಾಗ, 'ಅವಳ ಬರಹವೇ ನನ್ನ ಕಣ್ಣು' ಎಂದವರು ಅವರು.

ಈಗ ಅವರು ಕಮಾನಿನ ಕೆಳಗೆ ನಿಂತಿದ್ದರು. ಬಿಳಿ ಅಂಗಿ ಹಾಕಿಕೊಂಡಿದ್ದರು.

"ಟೋಪಿ ಹಾಕ್ಕೊಳ್ಳಿ ಮೇಸ್ತ್ರಿ," ಎಂದ ಬಡಗಿ. ಅವನ ದನಿಗೆ ಎಲ್ಲರೂ ಅವನನ್ನು ಗರಗಸ ಎಂದೇ ಕರೆಯುತ್ತೇವೆ. "ತಲೆ ಹೋದ್ರೂ ಟೋಪಿ ಉಳಿಯುತ್ತೆ. ನಾನಾದ್ರೂ ಹಾಕ್ಕೋತೀನಿ."

"ನಿನ್ನ ತಲೆಗೆ ಟೋಪಿ ಯಾಕೋ? ಒಳಗೆ ಕಾಪಾಡೋಕೆ ಏನಿದೆ?"

ಇಂಜಿನಿಯರಮ್ಮ ನಗಲಿಲ್ಲ. ಹಳದಿ ಹೆಲ್ಮೆಟ್ ತೊಟ್ಟು, ಹಲಗೆಗೆ ಸಿಕ್ಕಿಸಿದ ಹಾಳೆ ಹಿಡಿದು ದುಂಡು ಕಂಬದ ಪಕ್ಕ ನಿಂತಿದ್ದರು. ತಾರೀಖು ಎರಡು ಸಲ ಮುಂದೆ ಹೋಗಿತ್ತು. ಇವತ್ತೂ ಕಮಾನು ತಾನಾಗಿ ನಿಲ್ಲದಿದ್ದರೆ ಅಲ್ಲಿಗೆ ಕಬ್ಬಿಣದ ತೊಲೆ ಬರುತ್ತದೆ, ಕಲ್ಲುಗಳು ಯಾರದೋ ತೋಟದ ಅಂಚಿಗೆ ಹೋಗುತ್ತವೆ ಎಂದು ಆಗಲೇ ಹೇಳಿದ್ದರು.

ನಾನು ಬಾಯಿ ತೆರೆದೆ. 'ನನ್ನ ಬರಹ ತಪ್ಪು' ಎಂಬ ಮಾತು ಹೊರಡಲಿಲ್ಲ.

ಗರಗಸ ಸುತ್ತಿಗೆ ಎತ್ತಿದ. ಚೌಕಟ್ಟಿನ ಕಾಲುಗಳ ಕೆಳಗೆ ನಾಲ್ಕು ಜೊತೆ ಬೆಣೆಗಳು. ಒಂದೊಂದನ್ನೂ ಒಂದೊಂದು ನೂಲಿನಷ್ಟು ಸಡಿಲಿಸಿ ಕಾಯಬೇಕು. ಟಕ್. ಟಕ್. ಮೊದಲ ಸುತ್ತು ಮುಗಿಯಿತು. ಮಾವನ ಹೆಗಲ ಮೇಲೆ ಚಿಟಿಕೆ ಸುಣ್ಣ ಉದುರಿತು. ಅವರು ಅದನ್ನು ಕೊಡವಿಕೊಂಡರು.

"ಮೈ ಮುರೀತಿದೆ. ಮೂರು ವಾರ ಮಲಗಿತ್ತಲ್ಲ," ಎಂದರು.

ಎರಡನೆಯ ಸುತ್ತು. ಮೇಲೆಲ್ಲೋ ಸಣ್ಣ ಸದ್ದು, ಯಾರೋ ನೆಟಿಗೆ ಮುರಿದ ಹಾಗೆ. ಮಾವನ ತಲೆ ಬಲಕ್ಕೆ ವಾಲಿತು. ಅವರು ಕೇಳಿಸಿಕೊಂಡರು. ಆದರೂ ಕಾಲು ಕದಲಿಸಲಿಲ್ಲ.

ಹೇಳಲಾಗದವಳು ನಡೆದೆ. ಹಗ್ಗ ದಾಟಿ, ಕಮಾನಿನ ಕೆಳಗೆ, ಅವರ ಪಕ್ಕ ಹೋಗಿ ನಿಂತೆ.

"ಆಚೆ ಹೋಗು."

"ನಾನೂ ನಿಲ್ತೀನಿ."

"ಕಟ್ಟಿದವನು ನಿಲ್ಲೋದು. ನೆಂಟರಲ್ಲ."

"ನಂಬರ್ ಬರೆದವಳು ನಾನು ಮಾವ."

ಅವರು ಪೊರೆಗಣ್ಣನ್ನು ನನ್ನ ಕಡೆ ತಿರುಗಿಸಿದರು. ನನ್ನ ಮುಖ ಅವರಿಗೆ ಕಂಡಿರಲಾರದು. ನನ್ನ ಉಸಿರು ಕೇಳಿರಬೇಕು.

"ಯಾವುದು?" ತುಟಿ ಅಲ್ಲಾಡದಂತೆ ಕೇಳಿದರು.

"ಆರು. ಒಂಬತ್ತು."

"ಮೇಸ್ತ್ರಿ, ಮೂರನೇ ಸುತ್ತು," ಗರಗಸ ಕೂಗಿದ. "ಹೊಡೀಲಾ? ಇಲ್ಲಾ ಸಂಸಾರದ ಮಾತು ಮುಗೀಲಿ ಅಂತ ಕಾಯ್ಲಾ?"

ಅವರೊಬ್ಬರೇ ಇದ್ದಿದ್ದರೆ ನಿಂತೇ ಇರುತ್ತಿದ್ದರೇನೋ. ಮಾವ ನನ್ನ ಮಣಿಕಟ್ಟು ಹಿಡಿದರು.

"ಬೆಣೆ ವಾಪಸ್ ಬಿಗಿ ಮಾಡು."

"ಏನಂದ್ರಿ?"

"ಬಿಗಿ ಮಾಡೋ! ಕಿವೀಲೂ ಮರದ ಪುಡಿ ತುಂಬಿದ್ಯಾ?"

ನಾನು ಹೆಜ್ಜೆ ಎತ್ತಿದೆ. ಹಿಡಿತ ಬಿಗಿಯಾಯಿತು. "ಓಡಬೇಡ. ಸದ್ಯಕ್ಕೆ ನೆಲ ಅದುರೋದು ಬೇಡ."

ಎಂಟು ಏಟು ಎಣಿಸಿದೆ. ಒಂದೊಂದು ಏಟಿಗೂ ಮೇಲಿಂದ ಪುಡಿ ಬಿತ್ತು, ನನ್ನ ಕೂದಲಿಗೆ, ಅವರ ಬಿಳಿ ಅಂಗಿಗೆ. ಕೊನೆಯ ಬೆಣೆ ಕಚ್ಚಿಕೊಂಡು ಮರ ಮತ್ತೆ ಭಾರ ಹೊತ್ತಾಗ, ಚೌಕಟ್ಟು ಮುದುಕನ ಹಾಗೆ ನರಳಿತು. ಆಮೇಲೆ ಇಬ್ಬರೂ ಮೆಲ್ಲಗೆ ಆಚೆ ಬಂದೆವು.

"ಏನಾಯ್ತು?" ಇಂಜಿನಿಯರಮ್ಮ ಕೇಳಿದರು.

"ಕಲ್ಲು ಅದಲುಬದಲಾಗಿದೆ ಮೇಡಂ. ತಪ್ಪು ನನ್ನದು," ಎಂದರು ಮಾವ.

"ನನ್ನದು," ಎಂದೆ.

"ಬರೆದವಳು ಅವಳು. ಕೂರಿಸಿದ್ದು ನನ್ನ ಕೈ. ಕೈ ಹೇಳಿತ್ತು, ನಾನು ಕೇಳಲಿಲ್ಲ."

ಇಂಜಿನಿಯರಮ್ಮ ತಲೆಯೆತ್ತಿ ನೋಡಿದರು. ಬಿಸಿಲು ಇನ್ನೂ ಅಲ್ಲೇ ಇತ್ತು. ಬಿಳಿಯ ಸಾಲಲ್ಲಿ ಒಂದು ಗುಲಾಬಿ, ಗುಲಾಬಿಯ ಸಾಲಲ್ಲಿ ಒಂದು ಬಿಳಿ.

"ಇಷ್ಟು ಎದ್ದು ಕಾಣ್ತಿದೆಯಲ್ರೀ!" ಎಂದರು. ಆಮೇಲೆ ಮಾವನ ಕಣ್ಣು ನೋಡಿದರು. ಹಾಳೆಯ ಮೇಲೆ ಏನನ್ನೋ ಹೊಡೆದುಹಾಕಿದರು. "ಶನಿವಾರ. ಅದಕ್ಕಿಂತ ಒಂದು ದಿನ ಹೆಚ್ಚಿಲ್ಲ. ಆಮೇಲೆ ಕಬ್ಬಿಣ."

ನಾಲ್ಕು ದಿನ.

ಚಹಾದ ಹೊತ್ತಿಗೆ ಮಾವ ನನ್ನ ಪಕ್ಕ ಬಂದು ಕೂತರು. ಲೋಟ ಖಾಲಿಯಾದ ಮೇಲೆ ಕೇಳಿದರು:

"ಎಷ್ಟು ಹೊತ್ತಿಗೆ ಕಂಡಿತು?"

"ಹತ್ತೂವರೆಗೆ."

"ನೀನು ಹೇಳಿದ್ದು?"

"ಹನ್ನೊಂದೂ ಹತ್ತು."

"ನಲವತ್ತು ನಿಮಿಷ," ಎಂದರು. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಮಾರನೆಯ ದಿನ ಬೀಗಗಲ್ಲು ಎತ್ತಿ, ಒಂಬತ್ತರ ಜಾಗದಲ್ಲಿದ್ದ ಗುಲಾಬಿ ಕಲ್ಲನ್ನು ಹೊರಗೆಳೆದೆವು. ಎಳೆಯುತ್ತಿದ್ದಂತೆ ಅದರ ಕೆಳಗಿನ ಅಂಚು ರೊಟ್ಟಿಯ ಚೂರಿನ ಹಾಗೆ ಕಳಚಿ ಬಿತ್ತು. ಎರಡಂಗೈ ಅಗಲದ ತುಂಡು. ಅದು ಬಿದ್ದ ಏಟಿಗೆ, ಮಾವ ಬಿಳಿ ಅಂಗಿಯಲ್ಲಿ ನಿಂತಿದ್ದ ಜಾಗದಲ್ಲೇ ನೆಲದ ಹಾಸುಗಲ್ಲು ನಕ್ಷತ್ರದ ಹಾಗೆ ಬಿರುಕು ಬಿಟ್ಟಿತು. ಗರಗಸ ಅದನ್ನು ನೋಡಿದ. ತನ್ನ ಟೋಪಿಯನ್ನು ಇನ್ನಷ್ಟು ಕೆಳಗೆಳೆದುಕೊಂಡ.

ಗುಲಾಬಿ ಕಲ್ಲನ್ನು ನೆಲಕ್ಕಿಳಿಸಿ, ಬೆನ್ನಿಗೆ ಅಂಟಿದ್ದ ಹಳೆಯ ಗಾರೆಯನ್ನು ಮಾವ ಉಳಿಯಿಂದ ಕೆರೆದರು. ಕೆರೆಯುತ್ತಾ ಕೈ ನಿಂತಿತು.

"ಇಲ್ಲಿ ಬೆರಳಿಡು."

ಇಟ್ಟೆ. ಉಳಿಯ ಗೀರುಗಳು, ಒಂದರ ಪಕ್ಕ ಒಂದು. ಇಂಥವನ್ನು ಬಿಚ್ಚುವಾಗಲೂ ಒಂದೆರಡು ಕಲ್ಲಿನ ಮೇಲೆ ಕಂಡು, ಒರಟು ಕೆಲಸ ಎಂದು ಬಿಟ್ಟಿದ್ದೆ.

"ಎಣಿಸು."

ಆರು.

ಎಡಗಡೆಯಿಂದ ಏಳನೆಯದನ್ನೂ ಬಿಳಿ ಕಲ್ಲನ್ನೂ ಇಳಿಸಿ ಕೆರೆದೆವು. ಬಿಳಿಯದಕ್ಕೆ ಒಂಬತ್ತು. ಏಳನೆಯದಕ್ಕೆ ಏಳು. ನೂರಾರು ವರ್ಷ ಗಾರೆಯ ಕೆಳಗೆ ಕೂತು ಇವು ತಮ್ಮ ಜಾಗವನ್ನು ನೆನಪಿಟ್ಟುಕೊಂಡಿದ್ದವು.

"ಇದನ್ನ ಕಟ್ಟಿದವರಿಗೆ ಓದೋಕೆ ಬರ್ತಿರಲಿಲ್ಲ," ಎಂದರು ಮಾವ. "ಅದಕ್ಕೇ ತಪ್ಪಿಲ್ಲ." ಗೀರುಗಳ ಮೇಲೆ ಬೆರಳಾಡಿಸಿ, "ಕೈಗೆ ಓದೋಕೆ ಬರುತ್ತೆ ನೋಡು," ಎಂದರು.

ಗುಲಾಬಿ ಕಲ್ಲಿನ ಅಂಚು ಒಡೆದ ಜಾಗಕ್ಕೆ ಹೊಸ ತುಂಡು ಕೆತ್ತಿ ಕೂರಿಸಿದರು. ಈ ಸಲ ಒಂಬತ್ತು ತಂದಾಗ ಚಕ್ಕೆ ತುರುಕಬೇಕಾಗಲಿಲ್ಲ; ಬಾಗಿಲಿಗೆ ಅಗುಳಿ ಸರಿದಂತೆ ಸರಿಯಿತು. ನಾನು ಬಣ್ಣದ ಡಬ್ಬಿ ಮುಟ್ಟಲಿಲ್ಲ.

ಶನಿವಾರ ಮಾವ ಅದೇ ಅಂಗಿ ಹಾಕಿಕೊಂಡು ಬಂದರು, ಒಗೆದು ಒಣಗಿಸಿದ್ದು. ಗಾರೆ ಹಸಿ, ಆದರೆ ಕಲ್ಲು ಕಲ್ಲಿಗೆ ಕೂತಿದ್ದರೆ ಗಾರೆ ಬರೀ ನೆಪ ಎಂದರು. ಇಂಜಿನಿಯರಮ್ಮ ಅದನ್ನು ಬರೆದುಕೊಳ್ಳಲಿಲ್ಲ. ನಾನು ಹಗ್ಗದ ಆಚೆ ನಿಂತಿದ್ದೆ.

"ಅಲ್ಲೇನು ನೆಂಟರ ಹಾಗೆ ನಿಂತಿದ್ದೀಯ?" ಎಂದರು ಮಾವ.

ಹೋಗಿ ಪಕ್ಕದಲ್ಲಿ ನಿಂತೆ. ಟಕ್. ಟಕ್. ಮೊದಲ ಸುತ್ತು. ಪುಡಿ ಬೀಳಲಿಲ್ಲ. ಎರಡನೆಯ ಸುತ್ತು. ಮಾವ ಬಲಕ್ಕೆ ಕಿವಿ ವಾಲಿಸಿದರು; ನಾನೂ ವಾಲಿಸಿದೆ. ಮೂರನೆಯದು. ಮಾವ ನನ್ನ ಮಣಿಕಟ್ಟು ಹಿಡಿದರು.

"ಏನಾದ್ರೂ ಕಾಣ್ತಿದೆಯಾ?" ಎಂದರು.

ನಾಲ್ಕನೆಯ ಸುತ್ತಿಗೆ ಚೌಕಟ್ಟು ಒಂದು ಬೆರಳಷ್ಟು ಕೆಳಗೆ ಕೂತಿತು. ಕಲ್ಲು ಅದರ ಜೊತೆ ಬರಲಿಲ್ಲ. ಮರಕ್ಕೂ ಕಲ್ಲಿಗೂ ನಡುವೆ, ಈ ತುದಿಯಿಂದ ಆ ತುದಿಯವರೆಗೆ, ಬಿಲ್ಲಿನ ಹಾಗೆ ಒಂದು ಬೆಳಕಿನ ಗೆರೆ.

"ಬೆಳಕು ಕಾಣ್ತಿದೆ ಮಾವ," ಎಂದೆ.

"ಎಲ್ಲಿಂದ ಎಲ್ಲಿವರೆಗೆ? ಸರಿಯಾಗಿ ಹೇಳು."

"ಒಂದರಿಂದ ಹದಿನೈದರವರೆಗೆ."