ಬಳಪಕ್ಕೆ ಗಂಜಿ

ಚಳಿ ಇನ್ನೂ ಪೂರ್ತಿ ಹಿಂದೆಗೆದಿರಲಿಲ್ಲ. ಗುಡ್ಡದ ಕೆಳಗೆ ಕೊಯ್ಲು ಮುಗಿದ ಹೊಲಗಳಲ್ಲಿ ಕುರಿಗಳು ಮೇಯುತ್ತಿದ್ದವು. ಗುಡ್ಡದ ಮೇಲಿನ ತಾಮ್ರಗಣಿಯ ಮಿಲ್ಲಿನಲ್ಲಿ ಬೆಳಗಿನ ಪಾಳಿಯವರು ಕಬ್ಬಿಣದ ಕಂಬಿ ಮುಟ್ಟಲು ಹಿಂದೇಟು ಹಾಕುತ್ತ ಮೆಟ್ಟಿಲು ಹತ್ತುತ್ತಿದ್ದರು. ಒಳಗೆ ನೊರೆಯ ತೊಟ್ಟಿಗಳು ಸಾಲಾಗಿ ಕುದಿಯುತ್ತಿದ್ದವು. ನೋಡುವುದಕ್ಕೆ ಮಾತ್ರ ಕುದಿತ. ಕೈಯಿಟ್ಟರೆ ಬೆರಳು ಸೆಟೆಯುವಷ್ಟು ತಣ್ಣಗೆ.

ಹಿಟ್ಟಿನಂತೆ ಅರೆದ ಅದಿರನ್ನು ನೀರಿಗೆ ಬಿಟ್ಟು, ಎಣ್ಣೆ ಬೆರೆಸಿ, ಅಡಿಯಿಂದ ಗಾಳಿ ಊದಿದರೆ ತಾಮ್ರ ಗುಳ್ಳೆಗೆ ಅಂಟಿಕೊಂಡು ಮೇಲೆ ಬರುತ್ತದೆ, ಕಲ್ಲು ತಳ ಸೇರುತ್ತದೆ. ಮೇಲೆ ಬಂದ ನೊರೆಯನ್ನು ಕಾಯುವುದು ಅವಳ ಕೆಲಸ. ಮಿಲ್ಲಿನವರೆಲ್ಲ ಅವಳನ್ನು ನೊರೆಯಕ್ಕ ಎಂದೇ ಕರೆಯುತ್ತಿದ್ದರು.

ತಾಮ್ರದ ನೊರೆ ಕಪ್ಪಗೆ ಮಿರುಗುತ್ತ ಬಂದು ತೊಟ್ಟಿಯ ಅಂಚು ದಾಟುತ್ತಲೇ ಒಡೆಯುತ್ತದೆ. ಅದಿರಿನ ಜೊತೆ ಬಳಪದ ಮೆದುಕಲ್ಲು ಸೇರಿದರೆ ಹಾಗಲ್ಲ. ಮುಖಕ್ಕೆ ಹಚ್ಚುವ ಪೌಡರು ಆಗುವುದೂ ಅದೇ ಕಲ್ಲಿನಿಂದ. ಒಳ್ಳೆಯ ಅದಿರು ಎಲ್ಲಿದೆಯೋ ಅದರ ಮಗ್ಗುಲಲ್ಲೇ ಅದು ಹಾಳೆ ಹಾಳೆಯಾಗಿ ಮಲಗಿರುತ್ತದೆ. ನೀರಿಗೆ ಬಿದ್ದರೆ ಒದ್ದೆಯಾಗಲು ಒಪ್ಪದೆ, ಕರೆಯದೆ ಬಂದ ನೆಂಟನ ಹಾಗೆ ಗುಳ್ಳೆ ಹತ್ತಿ ಮೇಲೆ ಬಂದು ಕೂರುತ್ತದೆ. ನೊರೆ ಬೆಳ್ಳಗಾಗುತ್ತದೆ, ಬಿರುಸಾಗುತ್ತದೆ, ಒಡೆಯದೆ ರಾಶಿ ಬೀಳುತ್ತದೆ. ಅದಕ್ಕಿರುವ ಮದ್ದು ಗಂಜಿ. ಪಿಷ್ಟ ಬೇಯಿಸಿದ ತಿಳಿಗಂಜಿಯನ್ನು ಡ್ರಮ್ಮಿನ ನಲ್ಲಿಯಿಂದ ಸಣ್ಣಗೆ ಬಿಟ್ಟರೆ, ಬಳಪ ಹೊಟ್ಟೆ ತುಂಬಿದವರಂತೆ ತೆಪ್ಪಗೆ ಕೆಳಗಿಳಿಯುತ್ತದೆ. ಜಾಸ್ತಿ ಬಿಟ್ಟರೆ ಜೊತೆಗೆ ತಾಮ್ರವನ್ನೂ ಎಳೆದುಕೊಂಡು ಹೋಗುತ್ತದೆ.

ಗಣಿಯೊಳಗಿನ ಕೆಸರಿನಲ್ಲಿ, ತಲೆದೀಪದ ಬೆಳಕಿನಲ್ಲಿ, ಬಳಪವೂ ಬೂದು, ಕಲ್ಲೂ ಬೂದು. ಬಳಪದ ಸುಳಿವು ಮೊದಲು ಸಿಗುವುದು ನೊರೆಯಲ್ಲೇ. ಹಾಗಾಗಿ ಹಿಂದಿನ ದೊಡ್ಡ ಕುಸಿತದ ನಂತರ ಒಂದು ಕಟ್ಟುಪಾಡು ಬಂದಿತ್ತು: ನೊರೆ ಬೆಳ್ಳಗಾಯಿತೆಂದು ಮಿಲ್ಲಿನಿಂದ ಹೇಳಿಕಳಿಸಿದರೆ, ಕೆಳಗಿನವರು ಆ ಕಡೆಯ ಕೆಲಸ ನಿಲ್ಲಿಸಿ ಹೊರಬರಬೇಕು. ಬಳಪದ ಹಾಳೆ ಇರುವಲ್ಲಿ ಚಾವಣಿ ಮೊದಲು ಬಿರುಕು ಬಿಟ್ಟು ಎಚ್ಚರಿಸುವುದಿಲ್ಲ, ಸದ್ದಿಲ್ಲದೆ ಜಾರಿಬಿಡುತ್ತದೆ.

ಹೇಳಿಕಳಿಸಬೇಕಾದವಳು ಅವಳು. ಬಳಪ ಬರತೊಡಗಿ ಎಷ್ಟೋ ದಿನಗಳಾಗಿದ್ದರೂ ಅವಳು ಬಾಯಿ ಬಿಟ್ಟಿರಲಿಲ್ಲ. ನೊರೆ ಬೆಳ್ಳಗಾಗದಂತೆ ಗಂಜಿಯ ನಲ್ಲಿಯನ್ನು ದಿನಕ್ಕಿಷ್ಟಿಷ್ಟೇ ಹೆಚ್ಚು ತೆರೆಯುತ್ತ ಬಂದಿದ್ದಳು.

ಮಿಲ್ಲಿನ ಸೂಪರ್‌ವೈಸರ್ ಡ್ರಮ್ಮಿಗೆ ಬೆರಳಿನಿಂದ ತಟ್ಟಿ, "ಏನು ನೊರೆಯಕ್ಕ, ಕಲ್ಲಿಗೂ ಚಳಿಗಾಲದಲ್ಲಿ ಹಸಿವು ಜಾಸ್ತಿನಾ? ವಾರದ ಗಂಜಿ ಎರಡು ದಿನಕ್ಕೇ ಖಾಲಿ!" ಎಂದ.

"ಗಂಜಿ ನೀರಾಗಿದೆ ಸಾರ್, ಅದಕ್ಕೇ ಜಾಸ್ತಿ ಬೇಕಾಗ್ತಿದೆ," ಎಂದಳು. ಸುಳ್ಳು ಸಲೀಸಾಗಿ ಬಂತು.

ಆ ದೊಡ್ಡ ಕುಸಿತದಲ್ಲಿ ಒಳಗೇ ಉಳಿದವನು ಅವಳ ಗಂಡ. ಚಾವಣಿ ಜಾರುವಾಗ ಪಕ್ಕದಲ್ಲಿದ್ದ ತಮ್ಮನನ್ನು ಎರಡೂ ಕೈಯಿಂದ ಆಚೆ ತಳ್ಳಿದ, ತಾನು ಹೊರಬರಲಿಲ್ಲ. ತೆಗೆಯಲು ಹೋದವರ ಮೇಲೂ ಕಲ್ಲು ಜಾರುತ್ತಲೇ ಇದ್ದುದರಿಂದ ಆ ದಾರಿಯನ್ನು ಗೋಡೆ ಕಟ್ಟಿ ಮುಚ್ಚಿದರು. ಬದುಕುಳಿದ ತಮ್ಮ ಅಮ್ಮನ ಕಾಲು ಹಿಡಿದು, "ಒಂದಲ್ಲ ಒಂದು ದಿನ ಅಣ್ಣನ್ನ ಮೇಲೆ ತರ್ತೀನಿ," ಎಂದಿದ್ದ. ಈಗ ಅವನೇ ಒಳಗಿನ ಮೇಸ್ತ್ರಿ. ಇನ್ನೊಂದು ಮಗ್ಗುಲಿನಿಂದ ಅದಿರಿನ ಜಾಡು ಹಿಡಿದು ಅಗೆಯುತ್ತ ಹೋದರೆ ಅಣ್ಣನಿರುವ ಜಾಗದ ಬೆನ್ನಿಗೇ ಸೇರಬಹುದೆಂದು ಅವನ ಲೆಕ್ಕ. ಲೆಕ್ಕ ತಪ್ಪಿರಲಿಲ್ಲ. ಅಣ್ಣನ ಮೇಲೆ ಜಾರಿದ್ದೂ ಬಳಪದ ಹಾಳೆಯೇ; ಈಗ ಅದೇ ಬಳಪ ಬರತೊಡಗಿದ್ದು ಅದಕ್ಕೆ ಸಾಕ್ಷಿ.

"ಚಾವಣಿಗೆ ಆನಿಸಿದ್ದ ಹಳೇ ಮರದ ಕಂಬ ಒಂದು ಸಿಕ್ತು ಅತ್ತಿಗೆ," ಎಂದ ಮೈದುನ ಆ ರಾತ್ರಿ, ಅಡಿಗೆಮನೆಯ ಬಾಗಿಲಿಗೆ ಒರಗಿ, ಪಿಸುದನಿಯಲ್ಲಿ. "ಅದರ ಮೇಲಿರೋ ಅಣ್ಣನ ಕೊಡಲಿ ಏಟು ನಂಗೆ ಗೊತ್ತಾಗಲ್ವಾ? ಇನ್ನು ಸ್ವಲ್ಪ ದಿನ. ನೊರೆ ನೀವು ನೋಡ್ಕೊಳ್ಳಿ, ಕಲ್ಲು ನಾನು ನೋಡ್ಕೊಳ್ತೀನಿ."

"ಜೊತೆಗಿರೋರ ಗತಿ?"

"ಅವರನ್ನ ಹಿಂದೆ ನಿಲ್ಸಿ ನಾನೊಬ್ಬನೇ ಮುಂದೆ ಹೋಗ್ತೀನಿ. ಅಷ್ಟೂ ಬುದ್ಧಿ ಇಲ್ವಾ ನಂಗೆ?"

ಒಳಕೋಣೆಯಿಂದ ಅತ್ತೆಯ ದನಿ ಬಂತು. "ಏನದು ಅತ್ತಿಗೆ ಮೈದುನರ ಗುಸುಗುಸು? ನಂಗೆ ಕಣ್ಣು ಮಂಜು, ಕಿವಿ ಅಲ್ಲ!"

"ಅಡಿಗೆಗೆ ಉಪ್ಪು ಸಾಲದಂತೆ ಅತ್ತೆ," ಎಂದಳು ಅವಳು.

"ಅದನ್ನ ಗಟ್ಟಿಯಾಗೇ ಹೇಳ್ಬಹುದು. ದಿನಾ ಗೊತ್ತಿರೋದೇ ತಾನೆ."

ಮೂವರೂ ನಕ್ಕರು. ಅತ್ತೆಯ ಆಸೆ ಆ ಮನೆಯಲ್ಲಿ ಯಾರಿಗೂ ಗೊತ್ತಿಲ್ಲದ್ದಲ್ಲ. ಮಗನ ಒಂದು ಮೂಳೆ ಚೂರಾದರೂ ಸರಿ, ಮಣ್ಣು ಮಾಡಿ, ಹೋಗಿ ಕೂರಲು ಒಂದು ಜಾಗ ಬೇಕು. ಅವಳಿಗೂ ಬೇಕಿತ್ತು. ಅದಕ್ಕಾಗಿಯೇ ನಲ್ಲಿ ತಿರುಗಿಸಿದ್ದಳು.

ಮರುದಿನ ಪಾಳಿ ಮುಗಿಸಿ ಬಂದ ಮೈದುನ ಅಂಗಿಯನ್ನು ಸುತ್ತಿ ಬಚ್ಚಲ ಮೂಲೆಗೆ ಎಸೆದ. ಅವಳು ಒಗೆಯಲೆಂದು ಬಿಡಿಸಿದಾಗ ಬೆನ್ನಿನ ಮೇಲೆ ಭುಜದಿಂದ ಸೊಂಟದವರೆಗೆ ಅಗಲವಾಗಿ ಬಿಳಿ ಬಳಿದಂತಿತ್ತು. ಹೊಲಿಗೆ ಉದ್ದಕ್ಕೂ ಕಿತ್ತುಬಂದಿತ್ತು. ಒಂದು ಚೊಂಬು ನೀರು ಸುರಿದಳು. ನೀರು ಬಟ್ಟೆಗೆ ಇಳಿಯಲಿಲ್ಲ. ಕೆಸುವಿನೆಲೆಯ ಮೇಲಿನ ಹನಿಯಂತೆ ಉರುಳಿ ಕಲ್ಲಿನ ಮೇಲೆ ಬಿತ್ತು. ಇನ್ನೊಂದು ಚೊಂಬು ಸುರಿದಳು. ಅದೂ ಉರುಳಿಹೋಯಿತು.

"ಇದೇನು ಬೆನ್ನಿಗೆ?"

"ಬಳಪ ಬೆನ್ನು ತಟ್ಟಿ ಶಹಬ್ಬಾಸ್ ಅಂತು," ಎಂದ. ನಗಲು ಹೋದವನು ಪಕ್ಕೆ ಹಿಡಿದುಕೊಂಡ.

ಅವಳು ನಗಲಿಲ್ಲ. ಅದಿರಿನ ಅಂಚಿಗೆ ಅಂಟಿದ ಬಳಪವಲ್ಲ ಅದು, ಚಾವಣಿಯಿಂದ ಜಾರಿ ಬೆನ್ನಿಗೆ ಬಡಿದ ಹಾಳೆಯೇ. ತಾನು ಗಂಜಿ ಕುಡಿಸಿ ದಿನವೂ ತಳಕ್ಕೆ ಕಳಿಸಿದ್ದು ಇವನ ತಲೆಯ ಮೇಲಿನದನ್ನು. ಸತ್ತವನನ್ನು ತರಲೆಂದು ಬದುಕಿದವನನ್ನು ಒಳಗೆ ಕಳಿಸುತ್ತಿದ್ದೇನೆ ಎಂಬುದು ಆ ಒದ್ದೆಯಾಗದ ಅಂಗಿಯನ್ನು ಹಿಡಿದು ಕೂತಾಗ ಅವಳಿಗೆ ಸ್ಪಷ್ಟವಾಯಿತು. ಹೋಗಬೇಡವೆಂದರೆ ಅವನು ಕೇಳುವವನಲ್ಲ. ಅದೂ ಗೊತ್ತಿತ್ತು.

ಬೆಳಿಗ್ಗೆ ಅವಳು ಅವನಿಗಿಂತ ಮೊದಲೇ ಮನೆ ಬಿಟ್ಟಳು. ಪಾಳಿ ಶುರುವಾಗುತ್ತಲೇ ಗಂಜಿಯ ನಲ್ಲಿಯನ್ನು ಪೂರ್ತಿ ಮುಚ್ಚಿ, ಕೈ ಕಟ್ಟಿಕೊಂಡು ನಿಂತಳು. ಕಪ್ಪು ನೊರೆಯಲ್ಲಿ ಮೊದಲು ಎಳೆ ಎಳೆಯಾಗಿ ಬಿಳುಪು ಕಂಡಿತು. ನೋಡುತ್ತಿದ್ದಂತೆ ತೊಟ್ಟಿಯಿಂದ ತೊಟ್ಟಿಗೆ ಹರಡಿತು. ಉಬ್ಬಿತು, ಅಂಚು ಮೀರಿತು, ಒಡೆಯದೆ ಗಟ್ಟಿಯಾಗಿ ಜಾರಿ ನೆಲದ ಮೇಲೆ ರಾಶಿ ಬಿದ್ದು ಅವಳ ಪಾದ ಮುಚ್ಚಿತು.

ಸೂಪರ್‌ವೈಸರ್ ಓಡಿಬಂದ. "ಅಯ್ಯೋ, ಇಷ್ಟೊಂದಾ? ಇದು ಯಾವಾಗಿಂದ?"

"ತುಂಬ ದಿನದಿಂದ ಸಾರ್. ನಾನೇ ಮುಚ್ಚಿಟ್ಟೆ. ಮೊದಲು ಕೆಳಗೆ ಫೋನ್ ಮಾಡಿ. ಬೈಯೋದು ಆಮೇಲೆ ಬೈಯಿರಿ."

ಅವನು ಅವಳ ಮುಖ ನೋಡಿದ. ಫೋನಿನತ್ತ ನಡೆದ.

ಎಲ್ಲರೂ ಮೇಲೆ ಬಂದರು. ಕೊನೆಗೆ ಬಂದವನು ಮೈದುನ. ನೇರ ಮಿಲ್ಲಿಗೆ ಬಂದು, ನೆಲದ ಮೇಲಿನ ನೊರೆಯನ್ನೂ ಅವಳನ್ನೂ ನೋಡಿ ನಿಂತ. "ಇನ್ನೊಂದೆರಡು ಮಾರು ಇತ್ತು, ಅತ್ತಿಗೆ. ಇನ್ನೊಂದೆರಡೇ ಮಾರು. ಅಣ್ಣನ ಋಣ ಹೀಗೆ ಹೊತ್ಕೊಂಡೇ ಸಾಯ್ಬೇಕಾ ನಾನು?"

"ಹೊತ್ಕೊಂಡು ಬದುಕು," ಎಂದಳು.

"ಅಮ್ಮಂಗೆ ನೀವೇ ಹೇಳಿ. ನನ್ನ ಕೈಲಿ ಆಗಲ್ಲ."

ಅಳಿದುಳಿದ ಅದಿರಿನ ಆಸೆ ಬಿಟ್ಟು ಗಣಿಯವರು ಮೈದುನ ಅಗೆದ ಪೊಳ್ಳನ್ನು ತುಂಬಿಸಿ ಆ ದಾರಿಯನ್ನೇ ಮುಚ್ಚಲು ತೀರ್ಮಾನಿಸಿದರು. ಮಿಲ್ಲಿನ ತಳದಲ್ಲಿ ಉಳಿಯುವ ಮರಳುಗೆಸರನ್ನೇ ಕೊಳವೆಯಲ್ಲಿ ಇಳಿಸಿ ತುಂಬುವುದು ಅಲ್ಲಿನ ಪದ್ಧತಿ. ಅವಳನ್ನು ನೊರೆಯ ಕೆಲಸದಿಂದ ತೆಗೆದು ಚೀಲ ಹೊಲಿಯುವ ಶೆಡ್ಡಿಗೆ ಹಾಕಿದರು. ಅಷ್ಟಕ್ಕೇ ಬಿಟ್ಟದ್ದು ದೊಡ್ಡದೆಂದು ಎಲ್ಲರೂ ಅಂದರು. ಅವಳೂ ಹಾಗೇ ಅಂದುಕೊಂಡಳು.

ಆ ಸಂಜೆ ಅತ್ತೆಯ ಮಂಚದ ಪಕ್ಕ ಕೂತು ಎಲ್ಲವನ್ನೂ ಹೇಳಿದಳು. ಗಂಜಿಯ ವಿಷಯ, ಅಂಗಿಯ ವಿಷಯ, ನಲ್ಲಿ ಮುಚ್ಚಿದ್ದು. ಮುದುಕಿ ಅಳಲಿಲ್ಲ. ಹೊದಿಕೆಯ ಅಂಚನ್ನು ಮಡಿಸುತ್ತ, ಬಿಚ್ಚುತ್ತ ಇದ್ದಳು.

"ಅವನೆಲ್ಲಿ?"

"ಹೊರಗೆ ಮೆಟ್ಟಿಲ ಮೇಲೆ ಕೂತಿದ್ದಾನೆ. ಮಾತು ಕೊಟ್ಟು ತಪ್ಪಿದೆ, ಯಾವ ಮುಖ ಹೊತ್ಕೊಂಡು ಒಳಗೆ ಬರ್ಲಿ ಅಂತಾನೆ."

"ಅಣ್ಣ ತಳ್ಳಿದ್ದು ಉಳೀಲಿ ಅಂತ. ಮತ್ತೆ ಅಲ್ಲಿಗೇ ಹೋಗ್ಲಿ ಅಂತಲ್ಲ," ಎಂದಳು ಮುದುಕಿ. "ಕೈ ಕೊಡು."

ಸೊಸೆಯ ತೋಳು ಹಿಡಿದು ಬಾಗಿಲವರೆಗೆ ಬಂದು, ಗೋಡೆ ತಡವುತ್ತ ಕೆಳಗಿಳಿದು ಮಗನ ಪಕ್ಕ ಕೂತಳು. ಅವನು ತಲೆ ಎತ್ತಲಿಲ್ಲ. ನೋವಿದ್ದ ಪಕ್ಕೆ ಯಾವುದೆಂದು ಕೇಳಿ, ಅದನ್ನು ಬಿಟ್ಟು ಇನ್ನೊಂದು ಭುಜದ ಮೇಲೆ ಕೈಯಿಟ್ಟಳು.

ಋಣ ತೀರಲಿಲ್ಲ. ಮೂವರಲ್ಲಿ ಯಾರೂ ಮತ್ತೆ ಅದನ್ನು ತೀರಿಸುವ ಮಾತೆತ್ತಲಿಲ್ಲ.