ಬೋರ್ಡಿನ ಮೇಲಿನ ಮುಖ

ಫೋಟೋ ಸ್ಟುಡಿಯೋದ ಮಾನಿಟರು ಮಂಕಾಗಿದೆ, ಬಂದು ನೋಡು ಎಂದು ಅಪ್ಪ ಫೋನು ಮಾಡಿದಾಗ ಮಗಳಿಗೆ ನೆಪ ಹೊಳೆಯಲಿಲ್ಲ. ಟಿವಿ, ಮಾನಿಟರು ರಿಪೇರಿಯೇ ಅವಳ ಕಸುಬು. ಅಳತೆ ಕೇಳಿಕೊಂಡು, ಪರದೆಗೆ ಒಳಗಿನಿಂದ ಬೆಳಕು ಕೊಡುವ, ಹೊಂದುವ ಎಲ್‌ಇಡಿ ಪಟ್ಟಿಯೊಂದನ್ನು ಚೀಲಕ್ಕೆ ಹಾಕಿಕೊಂಡು ಹೊರಟಳು.

ಅಪ್ಪನ ಜೊತೆ ಮಾತು ಬಿಟ್ಟಿದ್ದಳು ಎಂದೇನಲ್ಲ. ಮಾತಿತ್ತು, ಉಪ್ಪಿಲ್ಲದ ಅಡುಗೆಯ ಹಾಗೆ. ಕಾರಣ ಅವಳ ಹೊಸ ಅಂಗಡಿಯ ಬೋರ್ಡು. ಅದರ ಮೇಲೆ ಮಾಲೀಕಳ ಮುಖ ಇರಲೇಬೇಕೆಂದು ಅಪ್ಪನೇ ಹಟ ಹಿಡಿದು ಫೋಟೋ ತೆಗೆದ, ತಾನೇ ತಿದ್ದಿ ಬೋರ್ಡು ಮಾಡುವವನಿಗೆ ಕಳಿಸಿದ. ಆತ ಅದನ್ನು ನೇರವಾಗಿ ಅವಳ ಅಂಗಡಿಗೇ ತಂದುಕೊಟ್ಟ. ಬಿಚ್ಚಿ ನೋಡಿದರೆ, ಹಿಟ್ಟಿನ ಡಬ್ಬದಲ್ಲಿ ಮುಖ ಅದ್ದಿ ತೆಗೆದ ಯಾರೋ ಹೆಂಗಸು! ಅತ್ತೆಯಂದಿರು, ಚಿಕ್ಕಮ್ಮಂದಿರು "ಎಲ್ಲಾ ಸರಿ, ಬಣ್ಣ ಒಂದು ಕಮ್ಮಿ" ಎಂದು ರಾಗ ಎಳೆಯುವುದನ್ನು ಅವಳು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟು ಬೆಳೆದವಳು. ಅಪ್ಪನೊಬ್ಬ ಯಾವತ್ತೂ ಆ ಮಾತು ಆಡಿರಲಿಲ್ಲ. ಬಾಯಲ್ಲಿ ಆಡದ್ದನ್ನು ಕೈಯಲ್ಲಿ ಮಾಡಿ ತೋರಿಸಿದನಲ್ಲ ಎಂದು ಅವಳಿಗೆ ಬಹಳ ನೋವಾಗಿತ್ತು. ಬೋರ್ಡನ್ನು ಗೋಡೆಗೆ ತಿರುಗಿಸಿ ನಿಲ್ಲಿಸಿಬಿಟ್ಟಿದ್ದಳು.

"ಬೋರ್ಡ್ ಯಾಕೆ ಇನ್ನೂ ಹಾಕ್ಲಿಲ್ಲ?" ಅವಳು ಒಳಗೆ ಬರುತ್ತಲೇ ಅಪ್ಪ ಕೇಳಿದ.

"ಮೊಳೆ ಇಲ್ಲ."

"ರಿಪೇರಿ ಅಂಗಡೀಲಿ ಮೊಳೆ ಇಲ್ವಾ? ಚೆನ್ನಾಗಿದೆ ಬಿಡು."

ಅವಳು ಮಾನಿಟರಿನತ್ತ ಬಗ್ಗಿದಳು. "ಯಾವಾಗಿಂದ ಹೀಗಿದೆ?"

"ನಿಧಾನಕ್ಕೆ ಆಗಿದ್ದು, ನಂಗೆ ಗೊತ್ತೇ ಆಗ್ಲಿಲ್ಲ. ಕತ್ತಲೇಲಿ ಏನ್ ಕೆಲ್ಸ ಮಾಡ್ತೀರಿ ಅಂತ ಗಿರಾಕಿ ಒಬ್ರು ಕೇಳಿದ್ಮೇಲೇ ತಿಳಿದಿದ್ದು."

"ಯಾವುದಾದ್ರೂ ಫೋಟೋ ಹಾಕು, ನೋಡ್ತೀನಿ."

ಅಪ್ಪ ತೆರೆದದ್ದು ಅವಳದೇ ಫೋಟೋ. ಮಂಕು ಪರದೆಯ ಮೇಲೆ ಅವಳ ಮುಖ ಕನ್ನಡಿಯಲ್ಲಿ ಕಂಡಷ್ಟೇ ಸರಿಯಾಗಿತ್ತು. ಅದೇ ಬಣ್ಣ, ಮೂಗಿನ ಪಕ್ಕದ ಅದೇ ನೆರಳು. ತಿದ್ದುವ ಮುಂಚಿನದಿರಬೇಕು ಎಂದುಕೊಂಡಳು. ಇಷ್ಟು ಚೆನ್ನಾಗಿ ಬಂದಿದ್ದನ್ನು ಕೈಯಾರೆ ಕೆಡಿಸಿದನಲ್ಲ ಎಂದು ಸಿಟ್ಟು ಇನ್ನೂ ಏರಿತು.

ವೈರು ಕಿತ್ತು ಮಾನಿಟರನ್ನು ಬಟ್ಟೆಯ ಮೇಲೆ ಕವುಚಿದಳು. ಸ್ಕ್ರೂಗಳನ್ನು ಬಿಚ್ಚಿ ಅಪ್ಪನ ಅಂಗೈಗೆ ಹಾಕಿದಳು. ಚೌಕಟ್ಟು ಬಿಡಿಸಿ, ಗಾಜಿನ ಫಲಕವನ್ನು ಎರಡೂ ಕೈಯಲ್ಲಿ ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟಳು. ಅದರ ಹಿಂದಿನ ಬಿಳಿ ಹಾಳೆಗಳನ್ನು ಇದ್ದ ಕ್ರಮದಲ್ಲೇ ತೆಗೆದಳು. ಕೆಳ ಅಂಚಿನ ಪಟ್ಟಿಯಲ್ಲಿ ಅರ್ಧಕ್ಕರ್ಧ ದೀಪಗಳು ಸುಟ್ಟು ಕಪ್ಪಾಗಿದ್ದವು. ಹಳೆಯದನ್ನು ಕಿತ್ತು, ಹೊಸ ಪಟ್ಟಿ ಅಂಟಿಸಿ, ಧೂಳು ಊದಿ ಎಲ್ಲವನ್ನೂ ಮೊದಲಿನಂತೆ ಕೂರಿಸಿದಳು. ಅಪ್ಪ ಒಂದೊಂದೇ ಸ್ಕ್ರೂ ಕೊಡುತ್ತ ಬಂದ.

ಮಾನಿಟರು ಹಾಕಿದಾಗ ಬೆಳಕು ಎದುರು ಗೋಡೆಯವರೆಗೂ ಬಿತ್ತು. ಪರದೆಯ ಮೇಲೆ ಅದೇ ಫೋಟೋ ಇತ್ತು. ಆದರೆ ಈಗ ಅದರಲ್ಲಿದ್ದವಳು ಬೋರ್ಡಿನ ಹಿಟ್ಟಿನ ಹೆಂಗಸು.

ಅಪ್ಪ ಕುರ್ಚಿಯಲ್ಲಿ ಹಿಂದಕ್ಕೆ ಸರಿದ. "ಇದ್ಯಾರು?"

"ನಾನೇ. ನೀನೇ ಕಳಿಸಿದ್ದು."

"ಅಯ್ಯೋ, ಇದನ್ನೇನಾ?" ಅಪ್ಪನ ಮುಖ ಇಳಿದುಹೋಯಿತು. "ಅವತ್ತು ಎಷ್ಟು ಒದ್ದಾಡಿದೀನಿ ಗೊತ್ತಾ? ಪರದೆ ಮೇಲೆ ಏನೋ ಮಸಿ ಮಸಿ, ನೀನು ಕಾಣ್ತಾನೇ ಇರ್ಲಿಲ್ಲ. ಫೋಟೋನೇ ಕತ್ತಲಾಗಿ ಬಂದಿದೆ ಅಂದ್ಕೊಂಡು, ನಿನ್ನ ಬಣ್ಣ ಬರೋವರೆಗೂ ಬೆಳಕು ಏರಿಸ್ತಾ ಹೋದೆ. ಬಂದ ತಕ್ಷಣ ನಿಲ್ಸಿದೆ."

ಮಂಕು ಪರದೆಯ ಮೇಲೆ ತಾನು ಕಂಡದ್ದು ತಿದ್ದಿದ ಫೋಟೋವನ್ನೇ ಎಂದು ಅವಳಿಗೆ ಆಗ ಅರ್ಥವಾಯಿತು. ಅಷ್ಟು ಏರಿಸಿದವನು ಅವಳ ಬಣ್ಣಕ್ಕಿಂತ ಒಂದು ಕೂದಲೆಳೆಯಷ್ಟೂ ಆಚೆಗೆ ಹೋಗಿರಲಿಲ್ಲ.

"ನೀನೂ ಅತ್ತೆಯವರ ಹಾಗೇ ಅಂದ್ಕೊಂಡ್ಬಿಟ್ಟಿದ್ದೆ ಅಪ್ಪಾ," ಎಂದಳು.

ಅಪ್ಪ ಕಾಲಿನಿಂದ ಸ್ಟೂಲೊಂದನ್ನು ಹತ್ತಿರಕ್ಕೆ ಎಳೆದ. "ಕೂತ್ಕೋ ಇಲ್ಲಿ. ನಿನ್ನ ನೋಡ್ಕೊಂಡೇ ಮಾಡ್ತೀನಿ."

ಅವಳು ಕೂತಳು. ಅಪ್ಪ ಅವಳ ಮುಖವನ್ನೊಮ್ಮೆ ಪರದೆಯನ್ನೊಮ್ಮೆ ನೋಡುತ್ತ ಬೆಳಕು ಇಳಿಸತೊಡಗಿದ. ಅರ್ಧಕ್ಕೆ ಬಂದಾಗ ಅವಳು "ಸಾಕಲ್ವಾ?" ಎಂದಳು.

"ಸುಮ್ನಿರು. ನೀನು ಇನ್ನೂ ಬಂದಿಲ್ಲ," ಎಂದು ಅಪ್ಪ ಇನ್ನಷ್ಟು ಇಳಿಸಿದ.

ಅವಳ ಕಣ್ಣು ತುಂಬಿ ಬಂತು.

"ಈಗ ಅಳ್ಬೇಡ," ಎಂದ ಅಪ್ಪ, "ಮುಖ ಕೆಂಪಾದ್ರೆ ನಂಗೆ ಬಣ್ಣ ತಪ್ಪುತ್ತೆ."